ಅರ್ಜಿಯಣ್ಣ

ನಮ್ಮ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ದುಡ್ಡಿಗೆ ಅರ್ಜಿ ಬರೆದುಕೊಡುವವರಿಗೆ ಬರವಿಲ್ಲ. ಅರ್ಜಿಯಣ್ಣ ಆ ಪೈಕಿಯಲ್ಲ, ಕಾಸು ಮುಟ್ಟುವುದಿಲ್ಲ. ಕಷ್ಟ ಇರುವುದೇ ಅಲ್ಲಿ. ಕಾಸು ತೆಗೆದುಕೊಳ್ಳುವವನಿಗೆ ‘ಎರಡು ಸಾಲು ಸಾಕಪ್ಪ’ ಎನ್ನಬಹುದು. ಧರ್ಮಕ್ಕೆ ಬರೆಯುವವರಿಗೆ ಹಾಗೆನ್ನಲು ನಾಲಿಗೆ ಹೊರಳುವುದಿಲ್ಲ.

ಜೇಬಲ್ಲಿ ಎರಡು ಪೆನ್ನು, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಅರ್ಧ ಊರಿನ ಜೆರಾಕ್ಸು. ಇಂಥವರು ಎಲ್ಲ ಊರಲ್ಲೂ ಇರುತ್ತಾರೆ. ನಮ್ಮವರಿಗೆ ಚರಿತ್ರೆಯ ಚಟ ಬೇರೆ.

ನಮ್ಮ ಬೀದಿದೀಪ ಕೆಟ್ಟಿತು. ‘ಸರಿಮಾಡಿಸಿ ಅಂತ ಬರೆಯಣ್ಣ’ ಎಂದೆ. ಅರ್ಜಿ ಶುರುವಾದದ್ದು 1902ರಿಂದ: ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಬಂದದ್ದು, ಬೆಂಗಳೂರು ಅದಕ್ಕೆ 1905ರವರೆಗೆ ಕಾದದ್ದು. ನಮ್ಮ ಕಂಬ ಕಾಣಿಸಿದ್ದು ಮೂರನೇ ಪುಟದಲ್ಲಿ. ‘ಅಣ್ಣಾ, ಇಷ್ಟೆಲ್ಲ ಯಾರು ಓದ್ತಾರೆ?’ ಎಂದರೆ, ‘ಓದೋದು ಬೇಡ ತಂಬಿ, ಸೀಲು ಹಾಕಲಿ’ ಎಂದರು. ಆ ಸೀಲಿಗಾಗಿ ಮಧ್ಯಾಹ್ನದವರೆಗೆ ನನ್ನನ್ನೂ ಬೆಂಚಿನ ಮೇಲೆ ಕೂರಿಸಿಕೊಂಡರು.

ಸಕಾಲ ಕಾಯ್ದೆ ಅವರಿಗೆ ಬಾಯಿಪಾಠ. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಇಪ್ಪತ್ತೈದನೇ ದಿನಕ್ಕೆ ಮೀಟರು ನಿಂತುಹೋಗುತ್ತದಲ್ಲ ಎಂಬುದೇ ಅವರ ಕೊರಗು. ಇನ್ನೊಂದು ಕೊರಗು, 2018ರಲ್ಲಿ ಕೆಜಿಎಫ್ ತಾಲ್ಲೂಕಾದದ್ದು. ಅದಕ್ಕೆ ಮುಂಚೆ ತಾಲ್ಲೂಕು ಕಚೇರಿಯ ಕೆಲಸವೆಂದರೆ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಗೆ ಹೋಗಬೇಕಿತ್ತು. ‘ನಾಳೆ ಬಾ’ ಅಂದರೂ ಬಿಳಿ ಪಾನಿಪುರಿ ತಿಂದು ಬರಬಹುದಿತ್ತು. ಈಗ ‘ನಾಳೆ ಬಾ’ ಮಾತ್ರ ಉಳಿದಿದೆ, ಅದೂ ನಡೆಯುವ ದೂರದಲ್ಲಿ!

ಒಮ್ಮೆ ಟೀ ಅಂಗಡಿಯಲ್ಲಿ ರೇಗಿ ಕೇಳಿಯೇಬಿಟ್ಟೆ, ಈ ಹುಚ್ಚು ಯಾವಾಗ ಹಿಡಿಯಿತೆಂದು. ಗಣಿಯಲ್ಲಿದ್ದಾಗ ಅವರು ಒಂದು ಅರ್ಜಿಯನ್ನೂ ಬರೆದವರಲ್ಲವಂತೆ. ಮನೆ, ನೀರು, ದೀಪ, ಆಸ್ಪತ್ರೆ ಎಲ್ಲ ಕಂಪನಿಯದೇ. ಮೇಸ್ತ್ರಿಗೆ ಬಾಯಲ್ಲಿ ಹೇಳಿದರೆ ಆಯಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ‘ಆಮೇಲೆ ಯಾರಿಗೆ ಹೇಳೋದು ತಂಬಿ? ಅದಕ್ಕೇ ಬರೆಯೋದು ಕಲಿತೆ.’ ಅವತ್ತಿನ ಟೀ ಕಾಸು ನಾನೇ ಕೊಟ್ಟೆ.

ಕೊನೆಗೂ ದೀಪ ಹತ್ತಿತು. ಸಂತೋಷದಿಂದ ಓಡಿಹೋಗಿ ಹೇಳಿದರೆ ಅವರ ಮುಖ ಇಳಿದುಹೋಯಿತು; ಮೇಲ್ಮನವಿ ಆಗಲೇ ಬರೆದಿಟ್ಟಿದ್ದರು. ಮಾರನೆಯ ದಿನ ಮಟಮಟ ಮಧ್ಯಾಹ್ನ ಕಂಬದ ಕೆಳಗೆ ನಿಂತು ಕೂಗಿದರು: ‘ತಂಬಿ, ಹಗಲೂ ಉರೀತಿದೆ! ಆಧಾರ್ ಜೆರಾಕ್ಸ್ ತಗೊಂಡು ಬಾ.’