ಪರಮ ಸದ್ಭಾವದ ಪರೀಕ್ಷೆ

ಧಾರವಾಡದ ಸಪ್ತಾಪುರವನ್ನು ಬಲ್ಲವರಿಗೆ, ಪರೀಕ್ಷೆಯೆಂಬುದು ಆ ಬಡಾವಣೆಯ ಕುಲಕಸಬೆಂದು ಬೇರೆ ಹೇಳಬೇಕಾಗಿಲ್ಲ. ಬೀದರ, ರಾಯಚೂರು, ವಿಜಯಪುರಗಳಿಂದ ಬಂದವರು, ಹೊಲ ಒತ್ತೆಯಿಟ್ಟು ಬಂದವರು, ಲಗ್ನವನ್ನು ಮುಂದೂಡಿ ಬಂದವರು, ಒಟ್ಟಿನಲ್ಲಿ ಸರಕಾರಿ ಹುದ್ದೆಯೊಂದರ ಸಾಕ್ಷಾತ್ಕಾರವಾಗುವ ತನಕ ಊರಿಗೆ ಮರಳಲಾರೆವೆಂದು ಸಂಕಲ್ಪ ತೊಟ್ಟ ಸಹಸ್ರಾರು ತರುಣ ತರುಣಿಯರು, ತಿಂಗಳಿಗಿಷ್ಟೆಂದು ಬಾಡಿಗೆ ತೆತ್ತು, ಅಲ್ಲಿಯ ಲೈಬ್ರರಿಗಳಲ್ಲಿ ಒಂದೊಂದು ಕುರ್ಚಿಯನ್ನು ಹಿಡಿದು, ಹಗಲಿರುಳೆನ್ನದೆ ಸಂವಿಧಾನದ ವಿಧಿಗಳನ್ನೂ ನದಿಗಳ ಉಗಮಸ್ಥಾನಗಳನ್ನೂ ಬಾಯಿಪಾಠ ಮಾಡುತ್ತಿರುತ್ತಾರೆ. ಇಂಥ ತಪೋಭೂಮಿಯನ್ನು, ಪಿಂಚಣಿಯನ್ನುಣ್ಣುವ, ಕನ್ನಡಕವು ಮೂಗಿನ ತುದಿಗೆ ಜಾರಿದ ಮಾಜಿ ಮುಖ್ಯಾಧ್ಯಾಪಕನೊಬ್ಬನು ಆರೋಗ್ಯವಿಮಾ ಏಜಂಟರ ಪರೀಕ್ಷೆಯ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಪ್ರವೇಶಿಸಿದಾಗ, ತಪಸ್ವಿಗಳ ಏಕಾಗ್ರತೆಗೆ ಕ್ಷಣಕಾಲ ಭಂಗವುಂಟಾದುದು ಸ್ವಾಭಾವಿಕವೇ ಆಗಿದೆ. ಪಕ್ಕದ ಕುರ್ಚಿಯ ಹುಡುಗನು ಅತ್ಯಂತ ವಿನಯದಿಂದ, “ಅಜ್ಜಾರ, ನೀವು ಯಾವ ಪೋಸ್ಟಿಗೆ ಅರ್ಜಿ ಹಾಕೀರ್ರೀ?” ಎಂದು ಕೇಳಿದನು. ನಾನು ವಿಷಯವನ್ನು ತಿಳಿಸಿದೆ. ಸ್ಪರ್ಧಿಗಳಲ್ಲಿ ಒಬ್ಬನು ಕಡಿಮೆಯಾದನೆಂಬ ಸಮಾಧಾನವು ಅವನ ಮುಖದ ಮೇಲೆ ಸ್ಪಷ್ಟವಾಗಿ ಮೂಡಿತು.

ಈ ಇಳಿವಯಸ್ಸಿನಲ್ಲಿ ನನಗೆ ಈ ಬುದ್ಧಿಯನ್ನು ಹುಟ್ಟಿಸಿದವನು ನನ್ನ ಕೈಯಲ್ಲಿಯೇ ಕಲಿತು, ಈಗ ಒಂದು ವಿಮಾ ಕಂಪನಿಯಲ್ಲಿ ಅಧಿಕಾರಿಯಾಗಿರುವ ಶಿಷ್ಯ. “ಸರ್, ನಿಮ್ಮ ಹುಡುಗರು ಹುಬ್ಬಳ್ಳಿ-ಧಾರವಾಡದ ತುಂಬ ಅದಾರ, ಒಬ್ಬೊಬ್ಬರು ಒಂದೊಂದು ಪಾಲಿಸಿ ತಗೊಂಡ್ರೂ ಸಾಕು” ಎಂದು ಅವನು ಹಾಕಿದ ಲೆಕ್ಕವು, ಗಣಿತದಲ್ಲಿ ಅವನು ಹಿಂದೆ ಪಡೆಯುತ್ತಿದ್ದ ಅಂಕಗಳನ್ನು ನೆನೆದರೆ, ಆಶ್ಚರ್ಯಕರವಾಗಿ ಸರಿಯಾಗಿತ್ತು. ನನ್ನ ಧರ್ಮಪತ್ನಿಯು ಮಾತ್ರ, “ಅಲ್ರೀ, ಮಂದಿ ಮಕ್ಕಳಿಗೆ ಪರೀಕ್ಷಾ ಮಾಡಿದ್ದು ಸಾಲಲಿಲ್ಲಂತ ಈಗ ನೀವ ಕೂತು ಬರೀತೀರೇನು?” ಎಂದಳು. ಅದಕ್ಕಿಂತಲೂ ದೊಡ್ಡ ಮುಖಭಂಗವು ಅರ್ಜಿಯ ಜೊತೆಯಲ್ಲಿ ಕಾದಿತ್ತು. ಏಜಂಟನಾಗತಕ್ಕವನು ಹತ್ತನೆಯ ತರಗತಿಯನ್ನು ಮುಗಿಸಿರಬೇಕೆಂಬುದು ನಿಯಮವಾದುದರಿಂದ, ಹತ್ತನೆಯ ತರಗತಿಯ ಉತ್ತರಪತ್ರಿಕೆಗಳನ್ನು ತಿದ್ದುವುದರಲ್ಲಿಯೇ ಆಯುಷ್ಯವನ್ನು ಸವೆಸಿದ ನಾನು, ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ, ನನ್ನ ಸ್ವಂತದ ಅಂಕಪಟ್ಟಿಯನ್ನು ಹುಡುಕಿ ತೆಗೆದು, ನಾನು ಉತ್ತೀರ್ಣನಾಗಿದ್ದೇನೆಂಬುದನ್ನು ಶಿಷ್ಯನಿಗೆ ರುಜುವಾತುಪಡಿಸಬೇಕಾಯಿತು. ಅವನು ಅದನ್ನು ಬಹಳ ಹೊತ್ತು ನೋಡಿದನು. ಅಷ್ಟು ಹೊತ್ತು ನೋಡುವ ಅಗತ್ಯವಿರಲಿಲ್ಲವೆಂದು ನನ್ನ ಅಭಿಪ್ರಾಯ.

ಐಸಿ ೩೮ ಎಂಬ, ಕೇಳಿದರೆ ಬಂದೂಕಿನ ಹೆಸರಿನಂತಿರುವ ಈ ಪರೀಕ್ಷೆಯ ಸ್ವರೂಪವು ಸರಳವಾದುದು. ಹೈದರಾಬಾದಿನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರದ ಅಪ್ಪಣೆಯಂತೆ, ಮುಂಬಯಿಯ ಭಾರತೀಯ ವಿಮಾ ಸಂಸ್ಥೆಯು ಪಠ್ಯವನ್ನು ಸಿದ್ಧಪಡಿಸುತ್ತದೆ, ಕನ್ನಡದಲ್ಲಿಯೂ ಬರೆಯಬಹುದು, ಒಂದು ಗಂಟೆಯಲ್ಲಿ ೫೦ ಪ್ರಶ್ನೆಗಳು, ಪ್ರತಿಯೊಂದಕ್ಕೂ ನಾಲ್ಕು ಉತ್ತರಗಳು, ನೂರಕ್ಕೆ ೩೫ ಬಂದರೆ ತೇರ್ಗಡೆ. ಹಿಂದೊಮ್ಮೆ ಏಜಂಟನಾಗುವವನು ನೂರು ಗಂಟೆಗಳ ತರಬೇತಿಯನ್ನು ಸಹಿಸಬೇಕಾಗಿತ್ತಂತೆ. ಈಗ ಅದು ೨೫ ಗಂಟೆಗಳಿಗೆ ಇಳಿದಿದೆ. ಐವತ್ತರಲ್ಲಿ ಹದಿನೆಂಟು ಸರಿಯಾದರೆ ಸಾಕೆಂಬುದನ್ನು ಕೇಳಿದಾಗ, ಮೂವತ್ತನಾಲ್ಕು ಅಂಕ ಬಂದ ಹುಡುಗರ ತಂದೆತಾಯಿಗಳು ನನ್ನ ಮನೆಯ ಪಡಸಾಲೆಯಲ್ಲಿ ಕುಳಿತು ಬೇಡಿಕೊಂಡರೂ ಕರಗದಿದ್ದ ನನ್ನ ಹೃದಯವು, ಮೊಟ್ಟಮೊದಲ ಬಾರಿಗೆ, ಆ ಸಂಖ್ಯೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಲು ಕಲಿಯಿತು.

ಚರಿತ್ರೆಯ ಅಧ್ಯಾಯವು ನಮ್ಮಂಥವರಿಗೆ ಹಬ್ಬ. ೧೬೬೬ರ ಲಂಡನ್ನಿನ ಮಹಾ ಅಗ್ನಿಕಾಂಡ, ಲಾಯ್ಡ್ ಎಂಬವನ ಕಾಫಿ ಅಂಗಡಿಯಲ್ಲಿ ನೆರೆಯುತ್ತಿದ್ದ ಹಡಗಿನ ವರ್ತಕರು, ೧೮೧೮ರಲ್ಲಿ ಕಲಕತ್ತೆಯಲ್ಲಿ ಹುಟ್ಟಿದ ಓರಿಯೆಂಟಲ್ ಕಂಪನಿ, ೧೯೩೮ರ ವಿಮಾ ಕಾಯಿದೆ, ೧೯೫೬ರ ಜೀವವಿಮಾ ನಿಗಮ, ೧೯೮೬ರ ಮೆಡಿಕ್ಲೇಮು, ಇವೆಲ್ಲವನ್ನೂ ನಾನು ಒಂದೇ ಸಂಜೆಯಲ್ಲಿ ಆಸ್ವಾದಿಸಿದೆ. ಓದುತ್ತಿರುವಾಗ ನಮ್ಮ ಸೀಮೆಯ ಎರಡು ಸಂಗತಿಗಳು ನೆನಪಾದುವು. ಆಗಿನ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗಿನ ಹತ್ತಿರದ ಕಣಗಿನಹಾಳದಲ್ಲಿ, ೧೯೦೫ರಲ್ಲಿಯೇ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರನ್ನು ಕೂಡಿಸಿ ಸಹಕಾರಿ ಸಂಘವನ್ನು ಕಟ್ಟಿದರು. ಅಂಥ ಸಂಘಗಳ ಸದಸ್ಯರಿಗಾಗಿಯೇ, ಡಾಕ್ಟರ್ ದೇವಿ ಶೆಟ್ಟಿಯವರ ಪ್ರೇರಣೆಯಿಂದ, ೨೦೦೩ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆಯು ಕಾರ್ಯಾರಂಭ ಮಾಡಿತು; ಆಗ ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ ಅರವತ್ತು. ಹಳ್ಳಿಯಲ್ಲಿರುವ ನನ್ನ ಬಂಧುಗಳು, ಸಹಿಯ ಬದಲಿಗೆ ಹೆಬ್ಬೆಟ್ಟನ್ನೊತ್ತುವವರು, ಆ ಅರವತ್ತು ರೂಪಾಯಿಗಳನ್ನು ಕಟ್ಟಿ ಚೀಟಿಯನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟುಕೊಂಡಿದ್ದ ಕಾಲದಲ್ಲಿ, ಪದವೀಧರರಾದ ನಾವು ಪಟ್ಟಣದಲ್ಲಿ ದೇವರ ದಯೆಯನ್ನೂ, ಭವಿಷ್ಯನಿಧಿಯಿಂದ ತೆಗೆಯಬಹುದಾದ ಸಾಲವನ್ನೂ ನಂಬಿಕೊಂಡಿದ್ದೆವು. ವಿದ್ಯೆಯಿಂದ ವಿವೇಕವು ಬರುತ್ತದೆಂಬ ಮಾತನ್ನು ನಾನೇ ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆಸಿದ್ದೇನೆ, ಇರಲಿ.

ಚರಿತ್ರೆಯು ಮುಗಿದು ರೋಗಗಳ ಅಧ್ಯಾಯವು ಬಂದ ಮೇಲೆ ಕಷ್ಟವು ಮೊದಲಾಯಿತು. ಪಾಲಿಸಿ ತೆಗೆದುಕೊಂಡ ಮೊದಲ ೩೦ ದಿನಗಳಲ್ಲಿ ಅಪಘಾತದ ಹೊರತು ಬೇರಾವುದಕ್ಕೂ ಹಣ ಬಾರದು. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಮೊಣಕಾಲಿನ ಕೀಲು ಮೊದಲಾದುವಕ್ಕೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಮೊದಲೇ ಇದ್ದ ಕಾಯಿಲೆಗೆ ಅದಕ್ಕಿಂತಲೂ ಹೆಚ್ಚು. ಶಿಷ್ಯನು ಯಾರಿಂದಲೋ ಇಸಿದುಕೊಂಡು ತಂದುಕೊಟ್ಟ ಹಳೆಯ ಪ್ರತಿಯಲ್ಲಿ ಆ ಅವಧಿಯು ೪೮ ತಿಂಗಳೆಂದಿತ್ತು. ೨೦೨೪ರಲ್ಲಿ ಪ್ರಾಧಿಕಾರವು ಅದನ್ನು ೩೬ಕ್ಕೆ ಇಳಿಸಿದೆಯೆಂದು ತರಬೇತಿಯಲ್ಲಿ ಹೇಳಿದರು. ಎಂಟು ವರ್ಷ ಕಳೆದ ಮೇಲೆ ಹಳೆಯ ಅರ್ಜಿಯನ್ನು ಕೆದಕಿ ತಕರಾರು ತೆಗೆಯಲಾಗದೆಂಬ ನಿಯಮವೂ, ವಂಚನೆಯ ಪ್ರಸಂಗವೊಂದನ್ನು ಬಿಟ್ಟು, ಐದೇ ವರ್ಷಕ್ಕೆ ಇಳಿದಿದೆಯಂತೆ. ಪುಸ್ತಕದಲ್ಲಿದ್ದುದೇ ಸತ್ಯವೆಂದು ಬೋಧಿಸಿ, ಸ್ವಂತ ವಾಕ್ಯದಲ್ಲಿ ಉತ್ತರ ಬರೆದ ಹುಡುಗರಿಗೆ ಅರ್ಧ ಅಂಕ ಕಳೆದವನು ನಾನು. ಸತ್ಯವೇ ಹೀಗೆ ಹನ್ನೆರಡು ತಿಂಗಳು ಕುಗ್ಗಿಬಿಟ್ಟರೆ ಪರೀಕ್ಷಾರ್ಥಿಯು ಯಾರ ಕಾಲನ್ನು ಹಿಡಿಯಬೇಕು?

ಈ ಅಧ್ಯಾಯದ ಅಧ್ಯಯನವು ನನ್ನ ದೃಷ್ಟಿಯನ್ನೇ ಬದಲಾಯಿಸಿತೆಂದು ಮನೆಯವರ ಆರೋಪ. ಹುಬ್ಬಳ್ಳಿಯಲ್ಲಿ ನಡೆದ ನೆಂಟರ ಮದುವೆಯೊಂದರಲ್ಲಿ, ವಧೂವರರ ಕಡೆಗೆ ನೋಡಬೇಕಾದ ನಾನು, ಪಂಕ್ತಿಯಲ್ಲಿ ಕುಳಿತವರ ಮೇಲೆ ಕಣ್ಣಾಡಿಸುತ್ತ, ಷಡ್ಡಕನ ಹೊಟ್ಟೆಯನ್ನು ಎರಡು ವರ್ಷಗಳ ಪಟ್ಟಿಗೂ, ಸೋದರಮಾವನ ಕೆಮ್ಮನ್ನು ಮೂವತ್ತಾರು ತಿಂಗಳ ಪಟ್ಟಿಗೂ ಮನಸ್ಸಿನಲ್ಲಿಯೇ ವಿಭಾಗಿಸುತ್ತಿದ್ದುದು ನಿಜ. ಬೀಗರೊಬ್ಬರು ಐದನೆಯ ಜಿಲೇಬಿಗೆ ಕೈ ನೀಡಿದಾಗ ನಾನು ನಿಟ್ಟುಸಿರು ಬಿಟ್ಟೆನಂತೆ. “ಅವರ ಜಿಲೇಬಿ ಅವರು ತಿಂದ್ರ ನಿಮಗೇನ್ರೀ ತ್ರಾಸು?” ಎಂದು ಪತ್ನಿಯು ಪಿಸುಗುಟ್ಟಿದಳು. ವಿಮೆಯ ಮೂಲತತ್ತ್ವವೇ ಅದು. ಒಬ್ಬನು ತಿಂದ ಜಿಲೇಬಿಯ ತ್ರಾಸನ್ನು ಕಂತು ಕಟ್ಟಿದವರೆಲ್ಲರೂ ಹಂಚಿಕೊಳ್ಳುತ್ತಾರೆ ಎಂದು ವಿವರಿಸಲು ಹೊರಟೆ. ಅವಳು ಎದ್ದು ಹೆಂಗಸರ ಪಂಕ್ತಿಗೆ ಹೋದಳು.

ಧಾರವಾಡಕ್ಕೇ ವಿಶಿಷ್ಟವಾದ ಒಂದು ಧರ್ಮಸೂಕ್ಷ್ಮವು ತರಬೇತಿಯಲ್ಲಿ ತಲೆದೋರಿತು. ವಿಮಾ ಕಾಯಿದೆಯ ೪೧ನೆಯ ಕಲಮಿನಂತೆ, ಪಾಲಿಸಿಯನ್ನು ಕೊಳ್ಳಲೆಂದು ಗಿರಾಕಿಗೆ ಆಮಿಷವೊಡ್ಡಿ, ಪ್ರೀಮಿಯಮ್ಮಿನಲ್ಲಾಗಲಿ ತನ್ನ ಕಮಿಶನ್ನಿನಲ್ಲಾಗಲಿ ಪ್ರತ್ಯಕ್ಷವಾಗಿ ಅಥವಾ ಪರೋಕ್ಷವಾಗಿ ಬಿಟ್ಟುಕೊಡುವುದು ಅಪರಾಧ. ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ. ನಾನು ಎದ್ದು ನಿಂತು, ಏಜಂಟನು ಗಿರಾಕಿಯ ಮನೆಗೆ ಹೋಗುವಾಗ ಲೈನ್ ಬಜಾರಿನಿಂದ ಅರ್ಧ ಕಿಲೋ ಪೇಡೆಯನ್ನು ಒಯ್ದರೆ ಅದು ಆಮಿಷವೋ ಆಚಾರವೋ ಎಂದು ಕೇಳಿದೆ. ಉನ್ನಾವದಲ್ಲಿ ಪ್ಲೇಗು ಹಬ್ಬಿದ ಕಾಲದಲ್ಲಿ ವಲಸೆ ಬಂದ ಠಾಕೂರ ಮನೆತನವು ಈ ಊರಿಗಿತ್ತ ಆ ಪ್ರಸಾದವು ಕೈಯಲ್ಲಿಲ್ಲದೆ ಧಾರವಾಡದವನು ಒಬ್ಬರ ಹೊಸ್ತಿಲನ್ನು ದಾಟುವುದೆಂತು? ಮೇಲಾಗಿ, ಪೇಡೆಯಿಂದ ಗಿರಾಕಿಯ ಸಕ್ಕರೆ ಏರಿದರೆ ಕಂಪನಿಯ ಹೊಣೆಯೂ ಏರುತ್ತದೆ. ಇಳಿಸಿಕೊಟ್ಟುದಕ್ಕೆ ದಂಡವಿದೆ, ಏರಿಸಿದ್ದಕ್ಕೆ ಕಲಮು ಯಾವುದು? ತರಬೇತುದಾರನು ಸ್ವಲ್ಪ ಹೊತ್ತು ಯೋಚಿಸಿ, “ಸರ್, ಅದು ಪರೀಕ್ಷಾದಾಗ ಬರಂಗಿಲ್ಲ ಬಿಡ್ರಿ” ಎಂದನು. ಈ ಉತ್ತರವನ್ನು ನಾನೂ ವೃತ್ತಿಜೀವನದಲ್ಲಿ ಧಾರಾಳವಾಗಿ ಬಳಸಿದ್ದೇನಾದುದರಿಂದ ಗೌರವಪೂರ್ವಕವಾಗಿ ಕುಳಿತುಕೊಂಡೆ.

ಇಷ್ಟಾದರೂ ಪುಸ್ತಕದ ಹೃದಯವಿರುವುದು ಬೇರೆಡೆಯಲ್ಲಿ. ವಿಮೆಯ ಕರಾರು ಪರಮ ಸದ್ಭಾವದ ಕರಾರು. ಬಟ್ಟೆಯಂಗಡಿಯಲ್ಲಿ ಕೊಳ್ಳುವವನು ಎಚ್ಚರದಿಂದಿದ್ದರೆ ಸಾಕು, ಇಲ್ಲಿ ಕೊಳ್ಳುವವನೇ ತನ್ನ ದೇಹದ ಸಮಸ್ತ ವೃತ್ತಾಂತವನ್ನು ಅರ್ಜಿಯಲ್ಲಿ ನಿವೇದಿಸಿಕೊಳ್ಳಬೇಕು. ಮುಚ್ಚಿಟ್ಟರೆ ಕ್ಲೇಮು ತಿರಸ್ಕೃತವಾದೀತು, ಪಾಲಿಸಿಯೇ ರದ್ದಾದೀತು. ಇದನ್ನು ಓದಿ ನಾನು ಹಿಗ್ಗಿದೆ. ನಮ್ಮ ಜನರಿಗೆ ಇದಕ್ಕಿಂತ ಸುಲಭವಾದ ಕರ್ತವ್ಯವು ಯಾವುದಿದ್ದೀತು! ಹುಬ್ಬಳ್ಳಿ-ಧಾರವಾಡಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕುಳಿತವರೆಲ್ಲ ಇದಕ್ಕೆ ಸಾಕ್ಷಿ. ಉಣಕಲ್ಲಿನಲ್ಲಿ ಹತ್ತಿ ಪಕ್ಕದಲ್ಲಿ ಕುಳಿತ ಅಪರಿಚಿತರು, ನವನಗರ ಬರುವಷ್ಟರಲ್ಲಿ ತಮ್ಮ ಪಿತ್ತವನ್ನೂ, ರಾಯಾಪುರ ಬರುವಷ್ಟರಲ್ಲಿ ರಕ್ತದೊತ್ತಡವನ್ನೂ, ಸತ್ತೂರಿನ ಆಸ್ಪತ್ರೆಯು ಕಾಣಿಸಿಕೊಳ್ಳುವಷ್ಟರಲ್ಲಿ ಅಲ್ಲಿ ತಮಗೂ ತಮ್ಮ ಅತ್ತೆಗೂ ಆದ ಶಸ್ತ್ರಕ್ರಿಯೆಗಳ ವಿವರಗಳನ್ನೂ, ಯಾವ ಕಾಯಿದೆಯ ಬಲಾತ್ಕಾರವೂ ಇಲ್ಲದೆ ನಮಗೆ ಸಮರ್ಪಿಸುತ್ತಾರೆ. ಗುಳಿಗೆಯ ಹೆಸರು ಮರೆತಿದ್ದರೆ ಚೀಲದಿಂದ ತೆಗೆದು ತೋರಿಸುತ್ತಾರೆ.

ಪರೀಕ್ಷೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಹುಬ್ಬಳ್ಳಿಯ ಕೇಂದ್ರವೊಂದರಲ್ಲಿ, ಮೊಮ್ಮಕ್ಕಳ ವಯಸ್ಸಿನವರ ನಡುವೆ, ಕಂಪ್ಯೂಟರಿನ ಮುಂದೆ ಕುಳಿತು ಬರೆದೆ, ತೇರ್ಗಡೆಯಾದೆ, ಅಂಕಗಳು ಹದಿನೆಂಟಕ್ಕಿಂತ ಹೆಚ್ಚೆಂಬುದಿಷ್ಟನ್ನು ಮಾತ್ರ ಮನೆಯಲ್ಲಿ ತಿಳಿಸಿದ್ದೇನೆ.

ಪ್ರಥಮ ಗಿರಾಕಿ ನೆರೆಮನೆಯ ರಾಯರು. ಅವರ ಮಧುಮೇಹದ ಏರಿಳಿತವನ್ನು ನಮ್ಮ ಓಣಿಯು ಮಳೆಯ ವರ್ತಮಾನದಂತೆ ದಿನವೂ ಬೆಳಗ್ಗೆ ಕೇಳಿಕೊಂಡು ಬಂದಿದೆ. ಅರ್ಜಿಯಲ್ಲಿ ಕಾಯಿಲೆಗಳ ಕಾಲಮಿಗೆ ಬಂದು ನಾನು ಲೇಖನಿಯನ್ನು ಎತ್ತಿದ ಕೂಡಲೇ, ರಾಯರು ನನ್ನ ಮುಂಗೈಯನ್ನು ಹಿಡಿದು, “ಮಾಸ್ತರ, ಅದನ್ನ ಬರೀಬ್ಯಾಡ್ರಿ. ಒಂಚೂರು ಸಕ್ಕರಿ ಅದ ಅಷ್ಟ. ಅದೇನು ರೋಗ ಅಲ್ಲ” ಎಂದರು. “ರಕ್ತದೊತ್ತಡ?” ಎಂದೆ. “ಅದು ಮನ್ಯಾಗ ಇದ್ದಾಗ ಅಷ್ಟ ಇರ್ತದ, ಹೊರಗ ಹೋದ್ರ ಇರಂಗಿಲ್ಲ” ಎಂದರು. ಐವತ್ತು ಪ್ರಶ್ನೆಗಳಲ್ಲಿ ಇಂಥ ಉತ್ತರವಿರುವ ಒಂದೂ ಇರಲಿಲ್ಲ. ನಾನು ಪರಮ ಸದ್ಭಾವವನ್ನು ಕುರಿತು ವಿಸ್ತಾರವಾಗಿ ನಿರೂಪಿಸಿದೆ; ಅವರು ಚಹಾ ಕುಡಿಸಿದರು, ಸಕ್ಕರೆ ಹಾಕಿ, ತಾವೂ ಕುಡಿದರು; ಅರ್ಜಿಯನ್ನು ವಿಚಾರ ಮಾಡಿ ಕೊಡುತ್ತೇನೆಂದು ಇಟ್ಟುಕೊಂಡರು. ಅದಿನ್ನೂ ಮರಳಿಲ್ಲ. ರಾಯರೊಬ್ಬರೇ ಅಲ್ಲ, ಬಸ್ಸಿನಲ್ಲಿ ಮಹಾರೋಗಿಗಳಾಗಿರುವ ನಮ್ಮ ಪರಿಚಯಸ್ಥರೆಲ್ಲರೂ ಆ ಕಾಗದದ ಮೇಲೆ ಅಶ್ವಿನೀದೇವತೆಗಳಾಗಿಬಿಡುತ್ತಾರೆ.

ಆದುದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹ. ಪಾಲಿಸಿಯನ್ನು ನನ್ನಿಂದಲೇ ಕೊಳ್ಳಬೇಕೆಂದೇನಿಲ್ಲ. ಆದರೆ ಯಾರಿಂದ ಕೊಂಡರೂ, ಪಕ್ಕದ ಸೀಟಿನವನಿಗೆ ಹೇಳಿದುದನ್ನಷ್ಟಾದರೂ ಅರ್ಜಿಯಲ್ಲಿ ಬರೆಯಿರಿ. ಬರೆದು ಒಪ್ಪಿಸಿದ ಸಕ್ಕರೆಗೆ ಕಾಯಬೇಕಾದುದು ಹೆಚ್ಚೆಂದರೆ ೩೬ ತಿಂಗಳು, ಆ ಎಣಿಕೆಯು ಪಾಲಿಸಿ ಆರಂಭವಾದ ದಿನದಿಂದಲೇ ಮೊದಲಾಗುತ್ತದೆ.