ಗಂಡಸರಿಗೆ ಆಪರೇಷನ್ ಬೇಡವಂತೆ

ನಮ್ಮ ಗಂಡಸರ ಶೌರ್ಯಕ್ಕೇನೂ ಬರವಿಲ್ಲ. ಬುಲೆಟ್ಟಿನ ಸೈಲೆನ್ಸರ್ ಬದಲಿಸಿ ಬೀದಿ ನಡುಗಿಸುತ್ತಾರೆ. ಬಸ್ಸಿನಲ್ಲಿ ಇಬ್ಬರ ಸೀಟಿನ ಮೇಲೆ ಕಾಲಗಲಿಸಿ ಒಬ್ಬರೇ ಕೂರುತ್ತಾರೆ. ಹೆಂಡತಿ ಪಂಚಾಯ್ತಿ ಅಧ್ಯಕ್ಷೆಯಾದರೆ ಅವಳ ಕುರ್ಚಿಯಲ್ಲೂ ಇವರೇ.

ಇಂಥ ಶೂರನ ಮನೆಗೆ ಆಶಾ ಕಾರ್ಯಕರ್ತೆ ಬರುತ್ತಾರೆ. ಎರಡನೇ ಮಗು ಆಗಿದೆ. "ಅಣ್ಣಾ, ಈ ಸಲ ನೀವೇ ಆಪರೇಷನ್ ಮಾಡಿಸ್ಕೊಳ್ಳಿ. ಗಂಡಸರಿಗೆ ಸುಲಭ."

ಶೂರ ಹಿತ್ತಲ ಬಾಗಿಲು ಹುಡುಕುತ್ತಾನೆ.

ವಕಾಲತ್ತಿಗೆ ಅವನ ತಾಯಿ ನಿಲ್ಲುತ್ತಾಳೆ. "ಬೇಡ ಕಣವ್ವ, ನನ್ನ ಮಗ ಭಾರ ಎತ್ತೋನು. ಸೊಸೆಗೇ ಮಾಡ್ಸಿ." ಸೊಸೆ ಎತ್ತುವುದು ಎರಡು ಕೊಡ ನೀರು, ಒಂದು ಹೊರೆ ಹುಲ್ಲು, ಸೊಂಟದ ಮೇಲೊಂದು ಮಗು. ಅದು ಭಾರದ ಲೆಕ್ಕಕ್ಕೆ ಬರುವುದಿಲ್ಲ. ಅದು ಸಂಸಾರ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದ 15ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ. 37.9 ಮಂದಿಗೆ ಮಕ್ಕಳಾಗದಂತೆ ಆಪರೇಷನ್ ಆಗಿದೆ. ಗಂಡನಿಗೆ ಆಗಿದೆ ಎಂದವರು ಶೇ. 0.3. ದೇಶದ ಗಂಡಸ್ತನವೆಲ್ಲ ಒಂದು ದಶಾಂಶ ಬಿಂದುವಿನ ಹಿಂದೆ ಅವಿತು ಕೂತಿದೆ.

ಹೆಣ್ಣಿಗಾದರೆ ಹೊಟ್ಟೆಗೇ ಚಾಕು ಹಾಕಬೇಕು. ಗಂಡಿಗೆ ಈಗ ಚಾಕು ಬೇಡ, ಹೊಲಿಗೆ ಬೇಡ. ಮರಗಟ್ಟಿಸುವ ಒಂದು ಇಂಜೆಕ್ಷನ್, ಚರ್ಮದಲ್ಲೊಂದು ಸಣ್ಣ ತೂತು, ಅದೇ ದಿನ ಮನೆ. ಶಕ್ತಿ ಕುಂದುವುದಿಲ್ಲ. ದನಿ ಕೀರಲಾಗುವುದಿಲ್ಲ. ಮೀಸೆಯೂ ಉದುರುವುದಿಲ್ಲ.

ತುರ್ತುಪರಿಸ್ಥಿತಿಯ ಬಲವಂತದ ಆಪರೇಷನ್ನಿನ ಭಯ ಅಂತೀರಾ? ಅದು ಮುಗಿದದ್ದು 1977ರಲ್ಲಿ. ಈ ಶೂರರು ಹುಟ್ಟಿದ್ದೇ ಆಮೇಲೆ.

ಸರ್ಕಾರವೇನೂ ಸುಮ್ಮನೆ ಕೂತಿಲ್ಲ. ನವೆಂಬರ್ ಬಂದರೆ ಗಂಡಸರ ಆಪರೇಷನ್ನಿಗೆಂದೇ ವಾಸೆಕ್ಟಮಿ ಪಾಕ್ಷಿಕ, ಬ್ಯಾನರು, ಭಾಷಣ. ಪರಿಹಾರದ ಹಣವೂ ಹೆಂಗಸಿಗಿಂತ ಗಂಡಸಿಗೇ ಹೆಚ್ಚು. ಸಣ್ಣ ಕೆಲಸಕ್ಕೆ ದೊಡ್ಡ ಕೂಲಿ, ಅದೂ ಗಂಡಸೆಂಬ ಕಾರಣಕ್ಕೆ! ನಮ್ಮಲ್ಲಿ ಇದು ಹೊಸದೇನಲ್ಲ. ಆದರೂ ಬರುವವರಿಲ್ಲ.

ಅದೇ ಸಮೀಕ್ಷೆಯಲ್ಲಿ ಶೇ. 35ರಷ್ಟು ಗಂಡಸರು ಒಂದು ಮಾತಿಗೆ ಹೌದೆಂದು ತಲೆಯಾಡಿಸಿದ್ದಾರೆ: ಗರ್ಭ ತಡೆಯುವುದು ಹೆಂಗಸರ ಕೆಲಸ, ಗಂಡಸು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹುಟ್ಟಿದ್ದು ಗಂಡಾದರೆ ಮಾತ್ರ "ನನ್ನ ವಂಶ". ಆಗ ಬೀದಿಗೆಲ್ಲ ಪೇಡ. ಹೆಣ್ಣಾದರೆ ತಪ್ಪು ಹೆತ್ತವಳದು. ಮಗು ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಅಪ್ಪನ ವೀರ್ಯಾಣು ಎಂದು ಶಾಲೆಯ ವಿಜ್ಞಾನದ ಪುಸ್ತಕ ಹೇಳುತ್ತದೆ. ಆ ಪಾಠದ ದಿನ ಊರಿನ ಗಂಡುಮಕ್ಕಳೆಲ್ಲ ಗೈರುಹಾಜರಿದ್ದರೇನೋ.

ಪಟ್ಟಣದವರು ನಗಬೇಡಿ. ನಿಮ್ಮ ಮನೆಯಲ್ಲೂ ಕಾಪರ್-ಟಿ, ಮಾತ್ರೆ, ಆಪರೇಷನ್ ಎಲ್ಲ ಯಾರ ಮೈಮೇಲೆ? ಮಹಿಳಾ ದಿನಕ್ಕೆ ಗುಲಾಬಿ ಕೊಟ್ಟು ಸ್ಟೇಟಸ್ ಹಾಕುವವರೂ ಆ 0.3ರಲ್ಲಿ ಸಿಗುವುದಿಲ್ಲ.

ಹೆಂಡತಿಯ ಹೆಸರನ್ನು ಆಪರೇಷನ್ ಪಟ್ಟಿಗೆ ಬರೆಸುವ ಮುನ್ನ ಡಾಕ್ಟರನ್ನು ಒಂದು ಮಾತು ಕೇಳಿ, ಇಬ್ಬರಲ್ಲಿ ಯಾರಿಗೆ ಸುಲಭ ಅಂತ. ನೀವು ಕೇಳುವುದಿಲ್ಲ. ಉತ್ತರ ನಿಮಗೆ ಗೊತ್ತಿದೆ.