ಅರೆ ಸ್ವಯಂಚಾಲಿತ: ಬಳಸುವವರ ಕೈಪಿಡಿ

ಅಭಿನಂದನೆಗಳು. ನಿಮ್ಮ ಮನೆಗೆ ಸೆಮಿ ಆಟೊಮ್ಯಾಟಿಕ್ ಎಸ್ಪ್ರೆಸೊ ಯಂತ್ರ ಬಂದಿದೆ. ನೀರು ಕಾಯಿಸುವುದು, ಕಾದದ್ದನ್ನು ನೂಕುವುದು ಯಂತ್ರದ ಪಾಲು. ಪುಡಿ ತೂಗುವುದು, ಒತ್ತುವುದು, ಸರಿಯಾದ ಕ್ಷಣಕ್ಕೆ ನಿಲ್ಲಿಸುವುದು, ಒರೆಸುವುದು, ಇಷ್ಟು ದುಡ್ಡು ಯಾಕೆ ಕೊಟ್ಟಿರೆಂದು ಮನೆಯವರಿಗೆ ಸಮಜಾಯಿಷಿ ಹೇಳುವುದು ನಿಮ್ಮ ಪಾಲು. ವಾರಂಟಿ ಇರುವುದು ಯಂತ್ರದ ಪಾಲಿಗೆ ಮಾತ್ರ.

ನೀರು: ಬೋರ್‌ವೆಲ್ ನೀರು ಬೇಡ. ಗೀಸರಿನ ಕಾಯಿಲ್‌ಗೆ ಹಿಡಿಯುವ ಬಿಳಿ ಪದರ ಈ ಬಾಯ್ಲರಿಗೂ ಹಿಡಿಯುತ್ತದೆ.

ಪುಡಿ: ಬೆಂಗಳೂರಿನ ಪುಡಿ ಅಂಗಡಿಯಲ್ಲಿ ಬಾಯಿಗೆ ಬಂದ ಅಭ್ಯಾಸದಂತೆ '80-20' ಅನ್ನಬೇಡಿ. ಚಿಕೋರಿ ಈ ಯಂತ್ರಕ್ಕೆ ಆಗುವುದಿಲ್ಲ. ನಾನು ಹಾಕಿ ನೋಡಿದ್ದೇನೆ. ಪಂಪು ನರಳಿತು, ಒಂದು ಹನಿ ಬೀಳಲಿಲ್ಲ, ಪುಡಿ ತುಂಬುವ ಹಿಡಿ ಬಿಚ್ಚಿದರೆ ಒಳಗೆ ಕಲಸಿಟ್ಟ ಗೋರಂಟಿ! ಚಿಕ್ಕಮಗಳೂರಿನದೋ ಕೊಡಗಿನದೋ ಬೀಜ ತನ್ನಿ, ಹುರಿದ ತಾರೀಕು ನೋಡಿ ತನ್ನಿ. ಮೇಲೆ ಕಟ್ಟುವ ಹೊಂಬಣ್ಣದ ನೊರೆ, ಅಂದರೆ ಕ್ರೇಮಾ, ಬೀಜದೊಳಗೆ ಉಳಿದಿರುವ ಇಂಗಾಲದ ಡೈಆಕ್ಸೈಡಿನ ಕೃಪೆ. ಹಳೇ ಬೀಜಕ್ಕೆ ಆ ಉಸಿರು ಇರುವುದಿಲ್ಲ.

ಇನ್ನು ಬೀಸುವುದು. ನಿಜವಾದ ಸಂಸಾರ ಇಲ್ಲಿಂದ ಶುರು. ಪುಡಿ ಚಿರೋಟಿ ರವೆಗಿಂತ ನಯವಾಗಿರಬೇಕು, ಮೈದಾ ಆಗಬಾರದು. ತರಿಯಾದರೆ ಹತ್ತೇ ಸೆಕೆಂಡಿಗೆ ಸರ್ರನೆ ಸುರಿದು ಹುಳಿಹುಳಿ ನೀರು ಸಿಗುತ್ತದೆ. ತೀರಾ ನಯವಾದರೆ ಕಟ್ಟಿಕೊಂಡ ಮೂಗಿನಂತೆ ತೊಟ್ಟಿಕ್ಕಿ, ಕಹಿ ಕಷಾಯ. ಲೆಕ್ಕ ಇಷ್ಟು: 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡಿನೊಳಗೆ. ಅಮ್ಮ ಕಣ್ಣಳತೆಯಲ್ಲಿ ಮುಗಿಸುವ ಕೆಲಸಕ್ಕೆ ನೀವು ಅಕ್ಕಸಾಲಿಗರ ಹಾಗೆ ತಕ್ಕಡಿ ಹಿಡಿದು ಕೂರುತ್ತೀರಿ. ನಿನ್ನೆ ಸರಿಬಂದ ಅಳತೆ ಇವತ್ತು ಮಳೆ ಬಂದರೆ ಕೈಕೊಡುತ್ತದೆ. ಮತ್ತೆ ಗ್ರೈಂಡರಿನ ಗಾಲಿಯನ್ನು ಕೂದಲೆಳೆಯಷ್ಟು ತಿರುಗಿಸಿ. ಮೊದಲ ವಾರ ಸಿಂಕು ನಿಮಗಿಂತ ಹೆಚ್ಚು ಎಸ್ಪ್ರೆಸೊ ಕುಡಿಯುತ್ತದೆ.

ಒತ್ತುವುದು: ಹಳಬರ ಲೆಕ್ಕ ಸುಮಾರು 14 ಕೆಜಿ ಭಾರ, ಹೆಚ್ಚುಕಡಿಮೆ ಸಿಲಿಂಡರಿನೊಳಗಿನ ಗ್ಯಾಸಿನಷ್ಟು. ತೂಕದ ಯಂತ್ರವನ್ನು ಕಟ್ಟೆಯ ಮೇಲಿಟ್ಟು ಅಭ್ಯಾಸ ಮಾಡಬಹುದು, ಯಾರೂ ನೋಡದಾಗ. ಆದರೆ ಬಲಕ್ಕಿಂತ ಸಮತಟ್ಟು ಮುಖ್ಯ. ಒಂದು ಕಡೆ ವಾಲಿದರೆ ನೀರು ಕಳ್ಳದಾರಿ ಹಿಡಿಯುತ್ತದೆ.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ '15 ಬಾರ್' ಅಂತಿರುತ್ತದೆ. ಅದು ಪಂಪಿನ ಜಂಬ. ಕಾಫಿಗೆ ಬೇಕಾದ್ದು 9. ಕುಕ್ಕರ್ ಕೂಗುವಾಗ ಒಳಗೆ ಸುಮಾರು ಒಂದು ಬಾರ್ ಹೆಚ್ಚುವರಿ ಒತ್ತಡ. ಅದರ ಒಂಬತ್ತು ಪಟ್ಟು ಅಂದುಕೊಳ್ಳಿ. ಮಿಲಾನಿನ ಅಕಿಲೆ ಗಾಜಿಯಾ 1948ರಲ್ಲಿ ಮಾರುಕಟ್ಟೆಗೆ ತಂದ ಯಂತ್ರದಲ್ಲಿ ಈ ಒತ್ತಡಕ್ಕೆ ಸನ್ನೆಕೋಲು ಎಳೆಯಬೇಕಿತ್ತು. 1961ರಲ್ಲಿ ಫಯೆಮಾ ಕಂಪನಿಯ ಇ61 ಆ ಕೆಲಸವನ್ನು ವಿದ್ಯುತ್ ಪಂಪಿಗೆ ವಹಿಸಿತು. ರಟ್ಟೆ ಉಳಿಯಿತು, ತಲೆನೋವು ಹಾಗೇ ಇದೆ.

ಹಾಲು: ಕಾಯಿಸಿ ಕೆನೆ ಕಟ್ಟಿದ್ದು ಬೇಡ, ಫ್ರಿಜ್ಜಿನ ತಣ್ಣನೆಯದು ಬೇಕು. ಹಬೆ ಕೊಳವೆಯ ತುದಿ ಹಾಲಿನ ಮೇಲ್ಮೈಯಲ್ಲೇ ಇರಲಿ, ಸುಯ್ಯೆನ್ನುವ ಸದ್ದು ಬರಲಿ. 60ರಿಂದ 65 ಡಿಗ್ರಿಗೆ ನಿಲ್ಲಿಸಿ. ಕೊಳವೆಯನ್ನು ಆಗಲೇ ಒರೆಸಿ. ಒಣಗಿದರೆ ತಳ ಹಿಡಿದ ಪಾಯಸದ ಪಾತ್ರೆ ತಿಕ್ಕಿದ ಹಾಗಾಗುತ್ತದೆ.

ದೋಷ ಪರಿಹಾರ: ಕಪ್ಪನ್ನು ಅಪ್ಪನ ಕೈಗೆ ಕೊಡಿ. ಅವರು ಒಂದು ಗುಟುಕು ಕುಡಿದು, "ಪುಡಿ ಚೆನ್ನಾಗಿದೆ ಕಣೋ, ಬಿಸಿ ಇಲ್ವಲ್ಲ" ಅನ್ನುತ್ತಾರೆ. 65 ಡಿಗ್ರಿ ಮೀರಿದರೆ ಹಾಲಿನ ಸಿಹಿ ಹೋಗುತ್ತದೆಂದು ವಿವರಿಸಬೇಡಿ. ಅಷ್ಟರಲ್ಲಿ ಅಮ್ಮ "ತಾ ಇಲ್ಲಿ" ಎಂದು ಕಪ್ಪು ಇಸಿದುಕೊಂಡು, ನಿಮ್ಮ ಒಂಬತ್ತು ಬಾರಿನ ಕ್ರೇಮಾವನ್ನು ಪಾತ್ರೆಗೆ ಸುರಿದು, ಸ್ಟವ್ ಮೇಲೆ ಒಂದು ಕುದಿ ಬರಿಸಿ, ಲೋಟ ಡಬರಿಯಲ್ಲಿ ಕೊಟ್ಟಿರುತ್ತಾರೆ. ಅಪ್ಪ ಪೂರ್ತಿ ಕುಡಿಯುತ್ತಾರೆ. ಈ ದೋಷಕ್ಕೆ ಸರ್ವೀಸ್ ಸೆಂಟರಿನಲ್ಲೂ ಪರಿಹಾರವಿಲ್ಲ.

ಚರಟವನ್ನು ಸಿಂಕಿಗೆ ಸುರಿಯಬೇಡಿ. ಪೈಪು ಕಟ್ಟುತ್ತದೆ, ಪ್ಲಂಬರ್ ಭಾನುವಾರ ಬರುವುದಿಲ್ಲ.